ಜಿಮ್ಮೋ, ಬ್ಯಾಂಡೋ, ಮನೆಯ ಬಸ್ಕಿಯೋ? ಕೊಡಗಿನ ಕಾಲುಗಳಿಗೆ ಯಾವುದು ಸರಿ

“ಬೆಳಗ್ಗೆಯಿಂದ ಸಂಜೆ ತನಕ ತೋಟದಲ್ಲೇ ಇರ್ತೀವಿ ಸರ್. ನಮಗ್ಯಾಕೆ ವ್ಯಾಯಾಮ?”

ದಕ್ಷಿಣ ಕೊಡಗಿನ ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷ ಪಿ.ಟಿ. ಮಾಸ್ತರನಾಗಿದ್ದೆ. ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವವರದ್ದು ತಪ್ಪಲ್ಲ. ಮನೆಯಿಂದ ಗೇಟಿಗೆ ಬರಬೇಕಾದರೂ ಒಂದು ಏರು ಹತ್ತಬೇಕಾದ ಊರು ನಮ್ಮದು.

ಕಳೆದ ವರ್ಷ ಗೋಣಿಕೊಪ್ಪಲಿನ ಒಂದು ಚಹಾ ಅಂಗಡಿಯಲ್ಲಿ ಮತ್ತೆ ಇದೇ ಮಾತು ಬಂತು. ಕೇಳಿದವರು ಐವತ್ತೆರಡು ವರ್ಷದ ಬೆಳೆಗಾರರು, ಗಟ್ಟಿಮುಟ್ಟಾದ ಮನುಷ್ಯ. ಐವತ್ತು ಕಿಲೋ ಕಾಫಿ ಚೀಲವನ್ನು ಈಗಲೂ ಜೀಪಿಗೆ ಎತ್ತಿ ಹಾಕುತ್ತಾರೆ. ನಾನು ವಾದ ಮಾಡಲಿಲ್ಲ. “ಈ ಬೆಂಚಿನ ಮೇಲೆ ಕೂತ್ಕೊಳ್ಳಿ. ಎರಡೂ ಕೈ ಎದೆ ಮೇಲೆ ಕಟ್ಟಿ, ಬೇಗ ಬೇಗ ಐದು ಸಲ ಎದ್ದು ಕೂತ್ಕೊಳ್ಳಿ” ಅಂದೆ. ಮೂರು ಸಲ ಸಲೀಸಾಗಿ ಆಯಿತು. ನಾಲ್ಕನೇ ಸಲ ಏಳುವಾಗ ಕಟ್ಟಿದ್ದ ಕೈ ತಾನಾಗಿಯೇ ಬಿಚ್ಚಿಕೊಂಡು ಮಂಡಿ ಮೇಲೆ ಬಂತು. ಮೊಬೈಲಿನಲ್ಲಿ ನೋಡಿದರೆ ಹದಿನೇಳು ಸೆಕೆಂಡ್. ಏಷ್ಯಾದ ತಜ್ಞರು 2019ರಲ್ಲಿ ಈ ಪರೀಕ್ಷೆಗೆ ಹಾಕಿದ ಗೆರೆ 12 ಸೆಕೆಂಡ್. ಅಷ್ಟು ಹಿಡಿದರೆ ಸ್ನಾಯು ಸವೆಯುತ್ತಿದೆಯಾ ಅಂತ ನೋಡಿಸಿಕೊಳ್ಳಬೇಕು. ಅದೂ ವಯಸ್ಸಾದವರನ್ನು ಮನಸ್ಸಿನಲ್ಲಿಟ್ಟು ಹಾಕಿದ ಗೆರೆ. ಐವತ್ತೆರಡರವರು ಅದರೊಳಗೆ ಆರಾಮಾಗಿ ಇರಬೇಕಿತ್ತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಏನ್ ಮಾಡೋದು? ಜಿಮ್ಮಿಗೆ ಹೋಗ್ಬೇಕಾ?” ಅಂದರು. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ದುಡಿಮೆ ಇದ್ದೂ ಕಾಲು ಸೋಲುವುದು ಯಾಕೆ

ಮೈ ನಾವು ಕೇಳಿದಷ್ಟೇ ಕೊಡುತ್ತದೆ. ಮೊದಲ ವರ್ಷ ಚೀಲ ಎತ್ತಿದಾಗ ಸ್ನಾಯು ಗಟ್ಟಿಯಾಗುತ್ತದೆ. ಇಪ್ಪತ್ತು ವರ್ಷ ಅದೇ ಚೀಲ, ಅದೇ ರೀತಿ ಎತ್ತಿದರೆ ಹೊಸದೇನೂ ಆಗುವುದಿಲ್ಲ. ಜೊತೆಗೆ ವಯಸ್ಸು ತನ್ನ ಪಾಡಿಗೆ ಕಸಿದುಕೊಳ್ಳುತ್ತಾ ಹೋಗುತ್ತದೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಕಾಲುಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್ ಇದನ್ನು ಸರಿಯಾಗಿ ಹಿಡಿದರು. ಬಲ ಬಂದ ಹಾಗೆ ಭಾರವನ್ನೂ ಏರಿಸುತ್ತಾ ಹೋಗುವ ಅವರ ಪದ್ಧತಿ 1945ರಲ್ಲಿ ಪ್ರಕಟವಾಯಿತು. ಇವತ್ತಿನ ಬಲ ತರಬೇತಿಯ ಬೇರುಗಳಲ್ಲಿ ಅದೂ ಒಂದು. ಭಾರ ಏರದಿದ್ದರೆ ಅದು ಬರೀ ದಣಿವು.

ಇನ್ನೊಂದು ಕಾರಣವೂ ಇದೆ. ತೋಟದ ಕೆಲಸ ಮೈಯನ್ನು ಸಮನಾಗಿ ದುಡಿಸುವುದಿಲ್ಲ. ಹಣ್ಣು ಕೊಯ್ಯುವವರಿಗೆ ಬೆರಳು, ಮೊಣಕೈ, ಭುಜ. ಮೆಣಸು ಕೊಯ್ಯಲು ಏಣಿ ಹತ್ತುವವರಿಗೆ ಪಾದ ಮತ್ತು ಹಿಡಿತ. ಚೀಲ ಹೊರುವವರಿಗೆ ಬೆನ್ನು. ತೊಡೆಯನ್ನು ಪೂರ್ತಿ ಮಡಿಸಿ, ಭಾರ ಹೊತ್ತು, ಮತ್ತೆ ನೇರ ಮಾಡುವ ಕೆಲಸ ಕಮ್ಮಿ. ಮೊದಲು ನೆಲದ ಮೇಲೆ ಕೂತು ಊಟ, ಕುಕ್ಕರಗಾಲಿನಲ್ಲಿ ಪಾಯಿಖಾನೆ ಅಂತ ದಿನಕ್ಕೆ ಎಷ್ಟೋ ಸಲ ಬಸ್ಕಿ ಆಗುತ್ತಿತ್ತು. ಈಗ ಮೇಜು ಬಂತು, ಕಮೋಡ್ ಬಂತು, ಕಣದ ತನಕ ಜೀಪ್ ಬಂತು.

ಬಲ ಬಂದರೆ ನಡಿಗೆ ತಾನಾಗಿ ಬರುತ್ತದಾ?

ಆಯ್ಕೆ ಮಾಡುವ ಮೊದಲು ಇದೊಂದು ಗೊತ್ತಿರಲಿ. ಬಹಳ ಜನ ಎಡವುವುದು ಇಲ್ಲೇ.

1990ರಲ್ಲಿ ಬಾಸ್ಟನ್‌ನಲ್ಲಿ ಸುಮಾರು ತೊಂಬತ್ತು ವರ್ಷದ ಕೆಲವರಿಗೆ ಎಂಟು ವಾರ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ 174 ಶೇಕಡಾ ಹೆಚ್ಚಿತು. ಅಂದರೆ ಮೊದಲಿನ ಎರಡೂವರೆ ಪಟ್ಟಿಗೂ ಜಾಸ್ತಿ, ಅದೂ ಆ ವಯಸ್ಸಿನಲ್ಲಿ! ಅದೇ ತಂಡ 1994ರಲ್ಲಿ ವೃದ್ಧಾಶ್ರಮದ ನೂರು ಜನರ ಮೇಲೆ ಹತ್ತು ವಾರ ಇದನ್ನೇ ಮಾಡಿ ನೋಡಿತು. ಭಾರ ಎತ್ತಿದವರ ಬಲ ಇಮ್ಮಡಿಗಿಂತ ಜಾಸ್ತಿ ಆಯಿತು. ಮೆಟ್ಟಿಲು ಹತ್ತುವ ಶಕ್ತಿ ಸುಮಾರು 28 ಶೇಕಡಾ ಏರಿತು. ನಡಿಗೆಯ ವೇಗ ಏರಿದ್ದು ಸುಮಾರು 12 ಶೇಕಡಾ.

ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಲ ಎರಡು ಪಟ್ಟಾದರೂ ನಡಿಗೆ ಎರಡು ಪಟ್ಟಾಗಲಿಲ್ಲ. ನಡೆಯಲು ಬಲ ಒಂದೇ ಸಾಲದು. ಪಾದ ಯಾವಾಗ ಎತ್ತಬೇಕು, ಜಾರಿದರೆ ಯಾವ ಸ್ನಾಯು ಮೊದಲು ಬಿಗಿಯಬೇಕು ಅನ್ನುವುದು ನರ ಮತ್ತು ಮಿದುಳಿನ ಕೆಲಸ. ಅದು ಆಯಾ ಚಲನೆಯನ್ನೇ ಮಾಡಿ ಕಲಿಯಬೇಕಾದ ವಿದ್ಯೆ. ಹಾಗಾಗಿ “ಯಾವುದರಿಂದ ಜಾಸ್ತಿ ಬಲ ಬರುತ್ತೆ?” ಅಂತ ಕೇಳುವ ಮೊದಲು “ನನಗೆ ಯಾವ ಕೆಲಸ ಮತ್ತೆ ಸಲೀಸಾಗಬೇಕು?” ಅಂತ ಕೇಳಿಕೊಳ್ಳಿ. ನೆಲದಿಂದ ಏಳುವುದಾ? ಮಳೆಗಾಲದಲ್ಲಿ ತೋಟದ ಇಳಿಜಾರು ಇಳಿಯುವುದಾ? ಏಪ್ರಿಲ್‌ನ ಕೊಡವ ಹಾಕಿ ಹಬ್ಬದಲ್ಲಿ ಆಡುವುದಾ? ಉತ್ತರ ಬೇರೆಯಾದರೆ ಕಸರತ್ತೂ ಬೇರೆಯಾಗುತ್ತದೆ.

ಮೊದಲು ಮನೆಯಲ್ಲೇ ಅಳೆದು ನೋಡಿ

ಕುರ್ಚಿ ಪರೀಕ್ಷೆ ಮೇಲೆ ಹೇಳಿದ್ದೇನೆ. ಕೈಯಿಲ್ಲದ ಗಟ್ಟಿ ಕುರ್ಚಿ, ಗೋಡೆಗೆ ಒರಗಿಸಿ ಇಟ್ಟಿರಬೇಕು. ಎರಡನೆಯದು ಒಂಟಿಕಾಲು. ಗೋಡೆಯ ಪಕ್ಕ ನಿಂತು ಹತ್ತು ಸೆಕೆಂಡ್ ಎಣಿಸಿ. ಮೂರನೆಯದು ಚಾಪೆಯ ಮೇಲೆ ಕೂತು, ಕೈ ಊರದೆ ಏಳಲಿಕ್ಕೆ ಆಗುತ್ತದಾ ಅಂತ ನೋಡುವುದು. ಆಗದಿದ್ದರೆ ಒಂದು ಕೈಯಾ, ಎರಡು ಕೈಯಾ, ಬಾಗಿಲ ಚೌಕಟ್ಟು ಬೇಕಾಯಿತಾ ಅಂತ ಬರೆದಿಡಿ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಮನೆಯವರು ಮೆಟ್ಟಿಲು ಇಳಿಯುವುದನ್ನು ಅವರಿಗೆ ಗೊತ್ತಾಗದ ಹಾಗೆ ನೋಡಿ. ತೊಡೆಯಲ್ಲಿ ಬಲ ಇಲ್ಲದವರು ನೇರ ಇಳಿಯುವುದಿಲ್ಲ. ಸ್ವಲ್ಪ ಅಡ್ಡ ತಿರುಗುತ್ತಾರೆ, ಪ್ರತಿ ಮೆಟ್ಟಿಲಿಗೂ ಅದೇ ಕಾಲನ್ನು ಮುಂದಿಡುತ್ತಾರೆ, ಎರಡನೇ ಕಾಲು ಬಂದು ಅದರ ಪಕ್ಕ ಸೇರುತ್ತದೆ. ಮಂಡಿ ನೋವಿದೆ ಅಂತ ಬಾಯಿ ಬಿಟ್ಟು ಹೇಳುವ ವರ್ಷಗಳ ಮೊದಲೇ ಕಾಲು ಇದನ್ನು ಹೇಳಿರುತ್ತದೆ.

ಮನೆಯ ಬಸ್ಕಿ, ದಂಡ: ಖರ್ಚಿಲ್ಲ, ಆದರೆ ನಿಲ್ಲುವ ಜಾಗ ಇದೆ

ಕೊಡಗಿನಲ್ಲಿ ಹತ್ತರಲ್ಲಿ ಏಳು ಜನರಿಗೆ ನಾನು ಮೊದಲು ಹೇಳುವುದು ಇದನ್ನೇ. ಬಸ್, ಪೇಟೆ, ಫೀಸು ಯಾವುದೂ ಬೇಡ. ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು, ಮೆಟ್ಟಿಲ ಅಂಚಿನಲ್ಲಿ ತುದಿಗಾಲಲ್ಲಿ ಏರಿ ಇಳಿಯುವುದು, ಅಂಗಾತ ಮಲಗಿ ಸೊಂಟ ಎತ್ತುವುದು. ಈ ನಾಲ್ಕು ಸಾಕು ಶುರುವಿಗೆ.

ಇಲ್ಲಿ ನಮ್ಮ ಊರಿಗೇ ಹೊಂದುವ ಒಂದು ವಿಷಯ ಇದೆ. ಏರು ಹತ್ತುವಾಗ ದಮ್ಮು ಬರುತ್ತದೆ, ಆದರೆ ಬೀಳುವುದು ಜಾಸ್ತಿ ಇಳಿಯುವಾಗ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಜೀಪಿನ ಬ್ರೇಕ್ ಇದ್ದ ಹಾಗೆ. ತಡಿಯಂಡಮೋಳ್ ಬೆಟ್ಟ ಹತ್ತಿ ಬಂದವರಿಗೆ ಮಾರನೇ ದಿನ ತೊಡೆ ಮುಟ್ಟಲಿಕ್ಕೆ ಆಗದ ಹಾಗೆ ನೋಯುವುದು ಬಹುಪಾಲು ಇಳಿದ ನೋವು. ಈ ಬ್ರೇಕನ್ನು ಬಲಪಡಿಸಲು ನಿಧಾನವಾಗಿ ಕೂರುವುದನ್ನೇ ಕಲಿಯಬೇಕು. ನಾಲ್ಕು ಎಣಿಸುತ್ತಾ ಕುರ್ಚಿಗೆ ಇಳಿಯಿರಿ. ಕುರ್ಚಿ ತಾಗಿತು ಅನ್ನುವಷ್ಟರಲ್ಲಿ ಬೇಗ ಏಳಿ. ಕೂರುವಾಗ ನಿಧಾನ, ಏಳುವಾಗ ಚುರುಕು. ಏಳುವ ಚುರುಕಿಗೂ ಕಾರಣ ಇದೆ. ಕಾಲು ಜಾರಿದಾಗ ಉಳಿಸುವುದು ಎಷ್ಟು ಬಲ ಇದೆ ಅನ್ನುವುದು ಮಾತ್ರ ಅಲ್ಲ, ಆ ಬಲ ಎಷ್ಟು ಬೇಗ ಬರುತ್ತದೆ ಅನ್ನುವುದು. ವಯಸ್ಸಾದಂತೆ ಈ ಚುರುಕು ಬಲಕ್ಕಿಂತ ಮೊದಲೇ ಕಮ್ಮಿಯಾಗುತ್ತದೆ.

ಆಮೇಲೆ ಮೆಟ್ಟಿಲು. ಒಂದು ಕಾಲು ಮೆಟ್ಟಿಲ ಮೇಲೇ ಇರಲಿ. ಇನ್ನೊಂದರ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ತಾಗಿಸಿ, ಭಾರ ಬಿಡದೆ ವಾಪಸ್ ಬನ್ನಿ. ಒಂದೊಂದು ಕಾಲಿಗೆ ಎಂಟು ಸಲ. ಗೋಡೆ ಹಿಡಿದುಕೊಂಡೇ ಶುರು ಮಾಡಿ. ಇಳಿಜಾರಿನ ತೋಟ ಇರುವವರಿಗೆ ಇದಕ್ಕಿಂತ ನೇರವಾಗಿ ಉಪಯೋಗಕ್ಕೆ ಬರುವ ಕಸರತ್ತು ನನಗೆ ಗೊತ್ತಿಲ್ಲ.

ಮನೆಯ ಕಸರತ್ತಿನ ಕೊರತೆ ಎಂದರೆ ಅದು ಬೇಗ ಹಗುರವಾಗಿಬಿಡುತ್ತದೆ. ಇಪ್ಪತ್ತೈದು ಮೂವತ್ತು ಬಸ್ಕಿ ಸುಲಭವಾಗಿ ಬರತೊಡಗಿದ ಮೇಲೆ ನೂರು ಹೊಡೆದರೂ ಬಲ ಅಷ್ಟಾಗಿ ಏರುವುದಿಲ್ಲ, ದಮ್ಮು ಏರುತ್ತದೆ. ಆಗ ಭಾರ ಸೇರಿಸಿ. ಮಕ್ಕಳ ಶಾಲೆ ಬ್ಯಾಗಿಗೆ ಐದು ಕಿಲೋ ಅಕ್ಕಿ ಚೀಲ ಹಾಕಿ ಎದೆಗೆ ಅಪ್ಪಿಕೊಳ್ಳಿ. ಅದೂ ಹಗುರವಾದರೆ ಹತ್ತು. ಬೆನ್ನಿಗೆ ಎಳೆಯುವ ಕೆಲಸ ಸಿಗುವುದಿಲ್ಲ ಅನ್ನುವುದು ಇನ್ನೊಂದು ಕೊರತೆ. ಅದಕ್ಕೆ ಎಳೆಯುವ ರಬ್ಬರ್ ಬ್ಯಾಂಡ್ ಬೇಕು, ಇಲ್ಲವೇ ನೇತಾಡಲು ಗಟ್ಟಿ ಕೊಂಬೆ.

ನಾಪೋಕ್ಲಿನ ಅತ್ತೆ ಮತ್ತು ಮರಳಿನ ಚೀಲ

ನನ್ನ ಅತ್ತೆಗೆ ಎಪ್ಪತ್ತನಾಲ್ಕು. ಇರುವುದು ನಾಪೋಕ್ಲು ಕಡೆ, ಹಳೇ ಮನೆ. ಅಂಗಳಕ್ಕೆ ಇಳಿಯಲು ಏಳು ಕಲ್ಲಿನ ಮೆಟ್ಟಿಲು, ಜೂನ್ ಬಂದರೆ ಸಾಕು ಪಾಚಿ. ಎರಡು ವರ್ಷದ ಹಿಂದೆ ಅಲ್ಲಿ ಜಾರಿ ಕೂತುಬಿಟ್ಟರು. ಮೂಳೆಗೆ ಏನೂ ಆಗಲಿಲ್ಲ, ಆದರೆ ಹೆದರಿಕೆ ಕೂತಿತು. ಅಂಗಳಕ್ಕೆ ಬರುವುದೇ ನಿಂತಿತು. ಓಡಾಟ ನಿಂತ ಮೇಲೆ ಕಾಲು ಇನ್ನೂ ಸೊರಗಿತು.

ನ್ಯೂಜಿಲೆಂಡಿನ ಒಟಾಗೊದಲ್ಲಿ 1990ರ ದಶಕದಲ್ಲಿ ವಯಸ್ಸಾದವರಿಗಾಗಿಯೇ ಒಂದು ಪದ್ಧತಿ ಮಾಡಿದ್ದಾರೆ. ಮನೆಯಲ್ಲೇ ವಾರಕ್ಕೆ ಮೂರು ದಿನ, ಸುಮಾರು ಅರ್ಧ ಗಂಟೆ. ಪಾದದ ಮೇಲೆ ಕಟ್ಟಿಕೊಳ್ಳುವ ಸಣ್ಣ ಭಾರದಿಂದ ಕಾಲಿನ ಬಲ, ಅದರ ಜೊತೆಗೆ ನಿಂತು ಮಾಡುವ ಬ್ಯಾಲೆನ್ಸ್, ಮಧ್ಯೆ ನಡಿಗೆ. ಇದನ್ನು ಮಾಡಿದವರಲ್ಲಿ ಬೀಳುವುದು ಸುಮಾರು 35 ಶೇಕಡಾ ಕಮ್ಮಿಯಾಯಿತು. ಬಲ ಮತ್ತು ಬ್ಯಾಲೆನ್ಸ್ ಎರಡನ್ನೂ ಸೇರಿಸಿದ್ದೇ ಅದರ ಗುಟ್ಟು ಅಂತ ನನ್ನ ಎಣಿಕೆ.

ಪಾದಕ್ಕೆ ಕಟ್ಟುವ ಭಾರವನ್ನು ಅಂಗಡಿಯಿಂದ ತರಲಿಲ್ಲ. ಹಳೇ ಜೀನ್ಸ್ ಪ್ಯಾಂಟಿನ ಕಾಲನ್ನು ಒಂದು ಗೇಣು ಕತ್ತರಿಸಿ, ನಡುವೆ ಎರಡು ಹೊಲಿಗೆ ಹಾಕಿ ಮೂರು ಜೇಬಾಗಿಸಿ, ಒಟ್ಟು ಒಂದು ಕಿಲೋ ಒಣ ಮರಳು ತುಂಬಿದೆವು. ಎರಡೂ ತುದಿಗೆ ಲಾಡಿ. ಜೇಬು ಮಾಡದಿದ್ದರೆ ಮರಳೆಲ್ಲ ಒಂದೇ ಕಡೆ ಜಾರಿ ಪಾದ ಒತ್ತುತ್ತದೆ, ಮೊದಲ ಸಲ ಹಾಗೇ ಆಯಿತು. ಕಟ್ಟುವಾಗ ಅತ್ತೆ, “ಏನು ಮಾರಾಯ, ಈ ವಯಸ್ಸಲ್ಲಿ ನನ್ನ ಕಾಲಿಗೆ ಗೆಜ್ಜೆ ಕಟ್ತಿದ್ದೀಯಾ?” ಅಂದರು. ಕುರ್ಚಿಯಲ್ಲಿ ಕೂತು ಮಂಡಿ ನೇರ ಮಾಡುವುದು ಹತ್ತು ಸಲ. ಅಡುಗೆ ಕಟ್ಟೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು ಹತ್ತು ಸಲ. ಆಮೇಲೆ ಚೀಲ ಬಿಚ್ಚಿಟ್ಟು, ಅದೇ ಕಟ್ಟೆಯ ಉದ್ದಕ್ಕೂ ಹಿಮ್ಮಡಿಗೆ ತುದಿಬೆರಳು ತಾಗಿಸಿ ಹಗ್ಗದ ಮೇಲೆ ನಡೆದ ಹಾಗೆ ನಡೆಯುವುದು. ಆರು ವಾರಕ್ಕೆ ಒಂದೂವರೆ ಕಿಲೋ. ನಾಲ್ಕನೇ ತಿಂಗಳು ನಾನು ಹೋದಾಗ ಅಂಗಳದ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದರು. ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿದ್ದೂ, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿಸಿದ್ದೂ ಇದಕ್ಕೆ ಸೇರಿದ ಮಾತೇ. ಕಸರತ್ತು ಮಾಡಿದ್ದೇವೆ ಅಂತ ಪಾಚಿ ಬಿಡಬಾರದು.

ರಬ್ಬರ್ ಬ್ಯಾಂಡ್

ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಜೇಬಿನಲ್ಲಿ ಹಿಡಿಸುತ್ತದೆ. ಕಿಟಕಿ ಸರಳಿಗೆ ಕಟ್ಟಿ ಎಳೆದರೆ ಬೆನ್ನು ಮತ್ತು ಭುಜಕ್ಕೆ ಒಳ್ಳೆಯ ಕೆಲಸ. ಭುಜ ನೋವಿರುವವರಿಗೆ ಡಂಬಲ್‌ಗಿಂತ ಇದು ಮೆತ್ತಗೆ. ಕಷ್ಟ ಏನೆಂದರೆ ಎಷ್ಟು ಭಾರ ಎಳೆಯುತ್ತಿದ್ದೇವೆ ಅಂತ ಕಿಲೋ ಲೆಕ್ಕದಲ್ಲಿ ತಿಳಿಯುವುದಿಲ್ಲ. ಬಣ್ಣ ನೋಡಿ ಅಂದಾಜು, ಅದೂ ಕಂಪನಿಯಿಂದ ಕಂಪನಿಗೆ ಬೇರೆ. ಗಟ್ಟಿ ಕಾಲಿನವರಿಗೆ ತೊಡೆಗೆ ಸಾಲುವುದಿಲ್ಲ. ಬಿರುಕು ಬಿಟ್ಟಿದೆಯಾ ಅಂತ ನೋಡಿಯೇ ಎಳೆಯಿರಿ, ಹರಿದರೆ ಮುಖಕ್ಕೇ ಬಂದು ಹೊಡೆಯುತ್ತದೆ.

ಜಿಮ್: ಯಾರಿಗೆ ನಿಜವಾಗಿ ಬೇಕು

ಸಣ್ಣ ಭಾರವನ್ನು ಜಾಸ್ತಿ ಸಲ ಎತ್ತಿದರೂ, ದೊಡ್ಡ ಭಾರವನ್ನು ಕಮ್ಮಿ ಸಲ ಎತ್ತಿದರೂ, ಇನ್ನು ಆಗುವುದಿಲ್ಲ ಅನ್ನುವ ಹತ್ತಿರದ ತನಕ ಹೋದರೆ ಸ್ನಾಯು ಬೆಳೆಯುವುದು ಹೆಚ್ಚು ಕಮ್ಮಿ ಒಂದೇ. ಇದು ಬೇರೆ ಬೇರೆ ಪ್ರಯೋಗಗಳಲ್ಲಿ ಕಂಡದ್ದು. ಆದರೆ ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲಿರಿ ಅನ್ನುವ ಗಟ್ಟಿ ಬಲಕ್ಕೆ ದೊಡ್ಡ ಭಾರವೇ ಮೇಲು. ಅದಕ್ಕೆ ಜಿಮ್ ಬೇಕು.

ಮೂಳೆಗೂ ಅಷ್ಟೇ, ಮುಟ್ಟು ನಿಂತ ಹೆಂಗಸರು ಇದನ್ನು ಗಮನಿಸಿ. ಆಸ್ಟ್ರೇಲಿಯಾದಲ್ಲಿ ಮೂಳೆ ಸವೆದಿದ್ದ 101 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ತರಬೇತುದಾರರ ಎದುರಲ್ಲೇ ದೊಡ್ಡ ಭಾರ ಎತ್ತಿತು. ಇನ್ನೊಂದು ಗುಂಪು ಮನೆಯಲ್ಲಿ ಹಗುರ ವ್ಯಾಯಾಮ ಮಾಡಿತು. ಎಂಟು ತಿಂಗಳ ನಂತರ ಮೊದಲ ಗುಂಪಿನ ಬೆನ್ನುಮೂಳೆಯ ಸಾಂದ್ರತೆ 2.9 ಶೇಕಡಾ ಏರಿತ್ತು, ಎರಡನೆಯದರಲ್ಲಿ 1.2 ಶೇಕಡಾ ಇಳಿದಿತ್ತು. ಫಲಿತಾಂಶ ಬಂದದ್ದು 2017ರಲ್ಲಿ. ಮನೆ ಕಸರತ್ತನ್ನು ಇಷ್ಟು ಹೊಗಳಿದ ನಾನೇ ಒಪ್ಪಬೇಕು, ಮೂಳೆಯ ವಿಷಯದಲ್ಲಿ ಅದು ಸಾಲದು. ಆದರೆ “ತರಬೇತುದಾರರ ಎದುರಲ್ಲೇ” ಅನ್ನುವ ಮಾತನ್ನು ಬಿಟ್ಟು ಓದಬೇಡಿ. ಮೂಳೆ ಸವೆದವರು ಯೂಟ್ಯೂಬ್ ನೋಡಿಕೊಂಡು ಒಬ್ಬರೇ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವ ಕಸರತ್ತು) ಮಾಡುವುದು ಬೇಡ.

ಜಿಮ್ಮಿನೊಳಗೆ ಮತ್ತೆ ಎರಡು ದಾರಿ. ಮೆಷಿನ್ ಮೈಯನ್ನು ಹಿಡಿದು ಕೂರಿಸುತ್ತದೆ, ಭಾರ ಒಂದೇ ದಾರಿಯಲ್ಲಿ ಹೋಗುತ್ತದೆ. ಹೊಸಬರಿಗೂ ಮಂಡಿ ಆಪರೇಷನ್ ಆಗಿ ಚೇತರಿಸಿಕೊಂಡವರಿಗೂ ಒಳ್ಳೆಯದು. ಬಾರ್‌ಬೆಲ್, ಡಂಬಲ್ ಎತ್ತುವಾಗ ಮೈಯನ್ನು ನಾವೇ ಹಿಡಿದುಕೊಳ್ಳಬೇಕು. ಚೀಲ ಎತ್ತುವ, ಗುಂಡಿ ತೆಗೆಯುವ ಕೆಲಸಕ್ಕೆ ಹತ್ತಿರದ್ದು ಇದೇ. ತೋಟದವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಅದರಲ್ಲೂ ಡೆಡ್‌ಲಿಫ್ಟ್. ನೆಲದಿಂದ ಚೀಲ ಎತ್ತುವ ಸರಿಯಾದ ರೀತಿಯನ್ನು ಕಲಿಸುವ ಕಸರತ್ತು ಅದು: ಸೊಂಟದಿಂದ ಮಡಿಯುವುದು, ಬೆನ್ನು ನೇರ, ಭಾರ ಕಾಲಿಗೆ ಅಂಟಿಕೊಂಡೇ ಮೇಲೆ ಬರುವುದು.

ಒಳ್ಳೆಯ ತರಬೇತುದಾರರನ್ನು ಗುರುತಿಸುವುದು ಹೇಗೆ? ಮೊದಲ ದಿನ ಬಿಪಿ, ಶುಗರ್, ಹಳೇ ಪೆಟ್ಟು ಕೇಳುತ್ತಾರಾ ನೋಡಿ. ನನ್ನ ಭುಜ ಹಾಳಾದದ್ದು ಒಂದು ಜಿಮ್ಮಿನಲ್ಲಿ, ಸೇರಿದ ದಿನವೇ. ಏನೂ ಕೇಳದೆ ಬಾರ್‌ಗೆ ಪ್ಲೇಟ್ ಮೇಲೆ ಪ್ಲೇಟ್ ಹಾಕಿದರು, ನಾನೂ ಹುಮ್ಮಸ್ಸಿನಲ್ಲಿ ಎತ್ತಿದೆ. ಎಂಟು ತಿಂಗಳು ಬೋರ್ಡಿನ ಮೇಲೆ ಬರೆಯಲು ಕೈ ಏಳಲಿಲ್ಲ. ಮೊದಲ ಎರಡು ವಾರ ಬರೀ ಕೋಲು ಹಿಡಿಸಿ ಕಲಿಸುವವರು ಸಿಕ್ಕಿದರೆ ಅವರನ್ನು ಬಿಡಬೇಡಿ.

ಯೋಗ, ನಡಿಗೆ

ಯೋಗದ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ರೋಹನ್ ಬೋಪಣ್ಣ ನೆನಪಾಗುತ್ತಾರೆ. 2024ರಲ್ಲಿ, 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಸವೆದ ಮಂಡಿಗೆ ಅಯ್ಯಂಗಾರ್ ಯೋಗ ಸಹಾಯ ಮಾಡಿತು ಅಂತ ಅವರೇ ಹೇಳಿದ್ದಾರೆ. ಬ್ಯಾಲೆನ್ಸ್‌ಗೆ, ಕೀಲು ಸಡಿಲವಾಗುವುದಕ್ಕೆ, ಉಸಿರಿಗೆ ಯೋಗ ನಿಜವಾಗಿ ಒಳ್ಳೆಯದು. ವೀರಭದ್ರಾಸನ, ಉತ್ಕಟಾಸನದಂಥವು ಶುರುವಿನಲ್ಲಿ ತೊಡೆಗೂ ಬಲ ಕೊಡುತ್ತವೆ. ಆದರೆ ಭಾರ ಏರಿಸುತ್ತಾ ಹೋಗುವ ದಾರಿ ಅದರಲ್ಲಿ ಕಮ್ಮಿ. ಹಾಗಾಗಿ ಬಲದ ಜಾಗದಲ್ಲಿ ಯೋಗ ಇಡಬೇಡಿ, ಬಲದ ಪಕ್ಕದಲ್ಲಿ ಇಡಿ.

ನಡಿಗೆ ಹೃದಯಕ್ಕೆ, ಶುಗರ್‌ಗೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ನಡಿಗೆಯಂಥ ಚಟುವಟಿಕೆ ಬೇಕು ಅಂತ ಇದೆ. ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಬೇರೆಯಾಗಿ ಬೇಕು ಅಂತಲೂ ಇದೆ. 65 ದಾಟಿದವರಿಗೆ ಬ್ಯಾಲೆನ್ಸ್ ಮತ್ತು ಬಲ ಸೇರಿಸಿ ವಾರಕ್ಕೆ ಮೂರು ದಿನ. ಮಡಿಕೇರಿಯ ರಾಜಾಸೀಟಿನಲ್ಲಿ ದಿನಾ ಸುತ್ತು ಹಾಕುವವರು ಅರ್ಧ ಕೆಲಸ ಮಾತ್ರ ಮಾಡುತ್ತಿದ್ದಾರೆ.

ಹಾಕಿ ಆಡುವವರು, ಸೈನ್ಯಕ್ಕೆ ಹೊರಟವರು

1997ರಲ್ಲಿ ಕರಡದಲ್ಲಿ ಪಾಂಡಂಡ ಮನೆತನ ನಡೆಸಿದ ಕಪ್‌ನಿಂದ ಶುರುವಾದ, ಮನೆತನಗಳೇ ತಂಡ ಕಟ್ಟಿ ಆಡುವ ಕೊಡವ ಹಾಕಿ ಹಬ್ಬ 2024ರ ಹೊತ್ತಿಗೆ 360 ತಂಡಗಳಾಗಿ ಬೆಳೆಯಿತು. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗಳು ಒಂದೇ ಜೆರ್ಸಿ ಹಾಕಿ ಆಡುವುದನ್ನು ನೋಡಿದರೆ ನನಗೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಹನ್ನೊಂದು ತಿಂಗಳು ಸ್ಟಿಕ್ ಮುಟ್ಟದವರು ಬಿಸಿಲಿನಲ್ಲಿ ಏಕಾಏಕಿ ಓಡಿ, ಹದಿನೈದನೇ ನಿಮಿಷಕ್ಕೆ ತೊಡೆಯ ಹಿಂಭಾಗ ಹಿಡಿದು ಕೂರುವುದನ್ನೂ ಅಷ್ಟೇ ನೋಡಿದ್ದೇನೆ.

ಅದಕ್ಕೆ ಸರಿಯಾದ ಔಷಧ ನಾರ್ಡಿಕ್ ಅನ್ನುವ ಕಸರತ್ತು. ಚಾಪೆಯ ಮೇಲೆ ಮಂಡಿಯೂರಿ, ಜೊತೆಗಾರನಿಂದ ಹಿಮ್ಮಡಿ ಒತ್ತಿಸಿಕೊಂಡು, ಮಂಡಿಯಿಂದ ತಲೆ ತನಕ ನೇರವಾಗಿಟ್ಟು ನಿಧಾನವಾಗಿ ಮುಂದಕ್ಕೆ ವಾಲುವುದು. ತಡೆಯಲಾರದಾಗ ಕೈ ಊರುವುದು. ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಆ ಸ್ನಾಯುವಿನ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಆಟದ ಮುಂಚೆ ಬರೀ ಸ್ಟ್ರೆಚಿಂಗ್ ಮಾಡುವವರಿಗೆ ಒಂದು ಮಾತು. 2014ರಲ್ಲಿ 25 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ ಸ್ಟ್ರೆಚಿಂಗ್‌ನಿಂದ ಗಾಯ ಕಮ್ಮಿಯಾದದ್ದು ಕಾಣಲಿಲ್ಲ, ಬಲ ತರಬೇತಿಯಿಂದ ಮೂರನೇ ಒಂದಕ್ಕಿಂತ ಕೆಳಗೆ ಇಳಿದಿತ್ತು. ಏಪ್ರಿಲ್ ಹಬ್ಬಕ್ಕೆ ಜನವರಿಯಲ್ಲೇ ಶುರು ಮಾಡಿ. ಮೊದಲ ಆರು ವಾರ ಬಸ್ಕಿ, ನಾರ್ಡಿಕ್. ಆಮೇಲೆ ಜಿಗಿತ, ದಿಕ್ಕು ಬದಲಿಸಿ ಓಡುವುದು. ಜಿಗಿತವನ್ನು ಮೊದಲೇ ಮಾಡಿದರೆ ಮಂಡಿ ಕೇಳುವುದಿಲ್ಲ.

ಅಗ್ನಿವೀರ್ ರ‍್ಯಾಲಿಗೆ ತಯಾರಾಗುವ ಹುಡುಗರು ಜಿಮ್ಮಿನಲ್ಲಿ ತೋಳು ದಪ್ಪ ಮಾಡಿಕೊಳ್ಳುವುದರಲ್ಲಿ ಸಮಯ ಕಳೆಯುತ್ತಾರೆ. ಅಲ್ಲಿ ಕೇಳುವುದು 1.6 ಕಿಲೋಮೀಟರ್ ಓಟ, ಪುಲ್ ಅಪ್, ಒಂಬತ್ತು ಅಡಿ ಹಳ್ಳದ ಜಿಗಿತ, ಬ್ಯಾಲೆನ್ಸ್. ಪುಲ್ ಅಪ್ ಹತ್ತು ಹೊಡೆದರೆ ಪೂರ್ತಿ ನಲವತ್ತು ಅಂಕ. ಇವೆಲ್ಲ ಸ್ವಂತ ಮೈಭಾರದ ಕೆಲಸ. ತೋಟದಲ್ಲಿ ಗಟ್ಟಿ ಕೊಂಬೆ ಇದ್ದರೆ ಸಾಕು. ಒಂದೂ ಬಾರದವರು ಸ್ಟೂಲ್ ಹತ್ತಿ ಗದ್ದವನ್ನು ಕೊಂಬೆಯ ಮೇಲಿಟ್ಟು, ಐದು ಎಣಿಸುತ್ತಾ ಕೆಳಗೆ ಇಳಿಯಿರಿ. ದಿನ ಬಿಟ್ಟು ದಿನ ಐದೈದು ಸಲ. ಮೊದಲ ಪುಲ್ ಅಪ್ ಬರುವ ದಾರಿ ಅದೇ.

ಮಕ್ಕಳು ಭಾರ ಎತ್ತಿದರೆ ಕುಳ್ಳಗಾಗುತ್ತಾರೆ ಅಂತ ಇವತ್ತಿಗೂ ಹೇಳುವವರಿದ್ದಾರೆ. ಅದು ನಿಜ ಅಲ್ಲ. ಕಲಿಸುವವರು ಎದುರಿಗಿದ್ದು, ಹಗುರ ಭಾರದಿಂದ ಶುರು ಮಾಡಿದರೆ ಹಾಕಿ ಕಲಿಯುವ ಹತ್ತು ಹನ್ನೆರಡರ ಮಕ್ಕಳಿಗೂ ಒಳ್ಳೆಯದೇ.

ಮಳೆ, ಕೊಯ್ಲು: ನಮ್ಮ ಎರಡು ಅಡ್ಡಿ

ಬೇರೆ ಊರಿನ ಪುಸ್ತಕಗಳು ಇದನ್ನು ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಮರ ಬಿದ್ದು ರಸ್ತೆ ಬಂದ್, ಕರೆಂಟ್ ಇಲ್ಲ. ಆ ನಾಲ್ಕು ತಿಂಗಳು ಪೇಟೆಯ ಜಿಮ್ಮನ್ನು ನೆಚ್ಚಿಕೊಳ್ಳಬೇಡಿ. ಕುಶಾಲನಗರ, ಮಡಿಕೇರಿ ಪೇಟೆಯೊಳಗೇ ಇರುವವರ ಮಾತು ಬೇರೆ. ಒಳಗಿನ ಊರಿನವರು ವರ್ಷದ ಫೀಸು ಕಟ್ಟುವ ಬದಲು ಬ್ಯಾಂಡ್, ಒಂದು ಜೊತೆ ಡಂಬಲ್ಸ್ ತಂದಿಡಿ.

ಕೊಯ್ಲಿನ ತಿಂಗಳುಗಳಲ್ಲಿ ಸಮಯವೂ ಇಲ್ಲ, ಮೈಯಲ್ಲಿ ಕಸುವೂ ಇಲ್ಲ. ಆಗ ಪೂರ್ತಿ ಬಿಟ್ಟುಬಿಡುತ್ತೇವೆ, ಅಲ್ವಾ? ಬಿಡಬೇಕಾಗಿಲ್ಲ. 2011ರ ಒಂದು ಪ್ರಯೋಗದಲ್ಲಿ ವಾರಕ್ಕೆ ಮೂರು ದಿನ ಮಾಡುತ್ತಿದ್ದವರನ್ನು ಆಮೇಲೆ ಒಂದೇ ದಿನಕ್ಕೆ ಇಳಿಸಿದರು. ಸೆಟ್ಟೂ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು) ಮೂರರಿಂದ ಒಂದು, ಭಾರ ಮಾತ್ರ ಅಷ್ಟೇ. ಎಂಟು ತಿಂಗಳ ಹತ್ತಿರ ಬಲ ಉಳಿಯಿತು. ಅರವತ್ತು ದಾಟಿದವರಲ್ಲಿ ಬಲ ಉಳಿದರೂ ಸ್ನಾಯುವಿನ ಗಾತ್ರ ಕರಗಿತು, ಹಾಗಾಗಿ ಅವರಿಗೆ ಎರಡು ದಿನ ಇರಲಿ. ಉಳಿದವರಿಗೆ ಕೊಯ್ಲು ಮುಗಿಯುವ ತನಕ ವಾರಕ್ಕೊಂದು ದಿನ, ಇಪ್ಪತ್ತು ನಿಮಿಷ ಸಾಕು. ಭಾರವನ್ನು ಮಾತ್ರ ಇಳಿಸಬೇಡಿ.

ಊಟದ ಬಗ್ಗೆ ಎರಡೇ ಮಾತು. ನಮ್ಮಲ್ಲಿ ಮಾಂಸಕ್ಕೆ ಬರ ಇಲ್ಲ, ಆದರೆ ಅದು ಭಾನುವಾರ, ಹಬ್ಬಕ್ಕೆ ಸೇರಿಹೋಗುತ್ತದೆ. ಉಳಿದ ದಿನ ಅಕ್ಕಿರೊಟ್ಟಿ, ಚಟ್ನಿ, ಅನ್ನ, ಸಾರು. ವಯಸ್ಸಾದವರಿಗೆ ಕಿಲೋ ತೂಕಕ್ಕೆ ದಿನಕ್ಕೆ ಒಂದರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋದವರಿಗೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು ಆರು. ಬೆಳಗ್ಗಿನ ರೊಟ್ಟಿಯ ಜೊತೆ ಎರಡು ಮೊಟ್ಟೆ ಅಥವಾ ಕಾಳಿನ ಪಲ್ಯ ಇಟ್ಟುಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಹೆಚ್ಚಿಸಬೇಕು.

ಯಾರು ಮೊದಲು ಡಾಕ್ಟರ ಹತ್ತಿರ ಹೋಗಬೇಕು

ಎದೆನೋವು, ಹತೋಟಿಗೆ ಬಾರದ ಬಿಪಿ, ಇತ್ತೀಚೆಗೆ ಆದ ಆಪರೇಷನ್, ಪಾರ್ಶ್ವವಾಯು ಇದ್ದವರು. ಪಾರ್ಶ್ವವಾಯು ಆದವರಿಗೆ ಬಲ ಒಂದೇ ಸಾಲದು. ನಡೆಯುವುದನ್ನೇ, ಲೋಟ ಹಿಡಿಯುವುದನ್ನೇ ಮತ್ತೆ ಮತ್ತೆ ಮಾಡಿಸುವ ಫಿಸಿಯೋಥೆರಪಿ ಬೇಕು. ಪಾರ್ಕಿನ್ಸನ್ ಇರುವವರ ಮನೆಯವರು ಮಾತ್ರ ಧೈರ್ಯಗೆಡಬೇಡಿ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಎರಡು ವರ್ಷ, ವಾರಕ್ಕೆರಡು ದಿನ ಭಾರ ಏರಿಸುತ್ತಾ ಹೋದವರ ಚಲನೆ ಭಾರ ಏರಿಸದೆ ಸ್ಟ್ರೆಚಿಂಗ್, ಬ್ಯಾಲೆನ್ಸ್‌ನಂಥವು ಮಾಡಿದವರಿಗಿಂತ ಚೆನ್ನಾಗಿತ್ತು.

ಭಾರ ಎತ್ತುವಾಗ ಯಾರೂ ಉಸಿರು ಬಿಗಿಹಿಡಿಯಬೇಡಿ, ಎತ್ತುವಾಗ ಬಿಡಿ. ಮಾರನೇ ದಿನ ಮಾಂಸಖಂಡ ನೋಯುವುದು ಸಹಜ, ಎರಡು ಮೂರು ದಿನಕ್ಕೆ ಹೋಗುತ್ತದೆ. ಕೀಲಿನಲ್ಲಿ ಚುಚ್ಚಿದ ಹಾಗಾದರೆ, ಮಂಡಿ ಊದಿದರೆ ನಿಲ್ಲಿಸಿ.

ಎಂಟು ವಾರ ಆದ ಮೇಲೆ

ಮೊದಲ ಮೂರು ನಾಲ್ಕು ವಾರ ಬರುವ ಬಲ ಬಹುಪಾಲು ನರಗಳು ಚುರುಕಾಗಿ ಬಂದದ್ದು, ಸ್ನಾಯು ದಪ್ಪವಾಗುವುದು ನಂತರ. ಹಾಗಾಗಿ ಕನ್ನಡಿ ನೋಡಬೇಡಿ, ಅದೇ ಕುರ್ಚಿ, ಅದೇ ಮೆಟ್ಟಿಲಿನಲ್ಲಿ ಮತ್ತೆ ಅಳೆಯಿರಿ. ಯಾವುದು ಬದಲಾಗಿಲ್ಲವೋ ಅದನ್ನು ನೋಡಿ ಕಸರತ್ತು ಬದಲಿಸಿ.

ಕುರ್ಚಿಯ ಸೆಕೆಂಡ್ ಇಳಿದಿದೆ, ಆದರೆ ಮೆಟ್ಟಿಲು ಇನ್ನೂ ಅಡ್ಡ ತಿರುಗಿಯೇ ಇಳಿಯುತ್ತಿದ್ದೀರಿ ಅಂದರೆ ಬಲ ಬಂದಿದೆ, ಬ್ರೇಕ್ ಬಂದಿಲ್ಲ. ಹಿಮ್ಮಡಿ ತಾಗಿಸುವ ಮೆಟ್ಟಿಲ ಕಸರತ್ತನ್ನು ಎರಡು ಪಟ್ಟು ಮಾಡಿ. ಎರಡೂ ಸುಧಾರಿಸಿ ಒಂಟಿಕಾಲು ಹತ್ತು ಸೆಕೆಂಡ್ ನಿಲ್ಲದಿದ್ದರೆ ಭಾರ ಏರಿಸುವುದನ್ನು ಸ್ವಲ್ಪ ತಡೆದು, ಹಲ್ಲುಜ್ಜುವಾಗ ದಿನಾ ಒಂದೊಂದು ಕಾಲಲ್ಲಿ ನಿಲ್ಲಿ. ಯಾವುದೂ ಬದಲಾಗದಿದ್ದರೆ, ಬ್ಯಾಗಿನಲ್ಲಿ ಇನ್ನೂ ಅದೇ ಐದು ಕಿಲೋ ಅಕ್ಕಿ ಇದೆಯಾ ಅಂತ ನೋಡಿ.

ಚಹಾ ಅಂಗಡಿಯ ಬೆಳೆಗಾರರು ಜಿಮ್ಮಿಗೆ ಹೋಗಲಿಲ್ಲ. ಮನೆಯಲ್ಲೇ ಕುರ್ಚಿ, ಮೆಟ್ಟಿಲು, ಅಕ್ಕಿ ಬ್ಯಾಗು. ಒಂಬತ್ತನೇ ವಾರ ಅದೇ ಬೆಂಚಿನಲ್ಲಿ ಹನ್ನೊಂದು ಸೆಕೆಂಡ್ ಬಂತು, ಕೈ ಎದೆಯ ಮೇಲೇ ಇತ್ತು. ಈಗ ಹದಿನೈದು ಕಿಲೋಗೆ ಬಂದಿದ್ದಾರೆ, ಹಳೇ ಬ್ಯಾಗಿನ ಪಟ್ಟಿ ಕಿತ್ತುಹೋಗಿದೆ.